ಟ್ರೇಡ್‌ಮಾರ್ಕ್ ಹಿಯರಿಂಗ್‌ಗೆ ಬರಿಗೈಯಲ್ಲಿ ಹೋದ ಕಥೆ

ಮನೆಯಲ್ಲಿ ಪುಡಿ, ಉಪ್ಪಿನಕಾಯಿ, ಹಪ್ಪಳ ಮಾಡಿ ಹೆಸರಿಟ್ಟು ಮಾರುವವರು ದಯವಿಟ್ಟು ಇದನ್ನು ಓದಿ. ನಮ್ಮ ಬ್ರ್ಯಾಂಡಿನ ಹೆಸರನ್ನು ಟ್ರೇಡ್‌ಮಾರ್ಕ್ ಅಂತ ನೋಂದಾಯಿಸಲು ಹಾಕಿದ್ದ ಅರ್ಜಿ ತಿರಸ್ಕಾರವಾಗಿದೆ. ಎರಡು ವರ್ಷ ಕಾದೆವು, ಹಿಯರಿಂಗ್, ಅಂದರೆ ಅಧಿಕಾರಿಯ ಮುಂದಿನ ವಿಚಾರಣೆ, ಆರೇಳು ನಿಮಿಷದಲ್ಲಿ ಮುಗಿಯಿತು.

ನಾನು ಮತ್ತು ನಮ್ಮ ಅತ್ತಿಗೆ 2017ರಿಂದ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಮಾರುತ್ತಿದ್ದೇವೆ. ಹಾಸನದ ಕೆಲವು ಅಂಗಡಿಗಳಿಗೆ ಕೊಡುತ್ತೇವೆ, ಉಳಿದದ್ದು ಕೊರಿಯರ್‌ನಲ್ಲಿ ಹೋಗುತ್ತದೆ. ಹೆಸರಲ್ಲಿ ‘ಘಮ’ ಅನ್ನುವ ಪದ ಇದೆ. ಪೂರ್ತಿ ಹೆಸರು ಈಗ ಬೇಡ ಬಿಡಿ.

2022ರಲ್ಲಿ ಒಬ್ಬ ಏಜೆಂಟ್ ಸಿಕ್ಕರು. ವ್ಯಕ್ತಿಯ ಹೆಸರಲ್ಲಿ ಆನ್‌ಲೈನ್ ಅರ್ಜಿ ಹಾಕಿದರೆ ಸರ್ಕಾರಿ ಫೀ 4,500 ರೂಪಾಯಿ. ಅದರ ಮೇಲೆ ಅವರ ಚಾರ್ಜು. ಆಧಾರ್, ಲೋಗೋ, ಸಹಿ ಕಳಿಸಿದೆವು. ಎರಡೇ ದಿನಕ್ಕೆ ಅರ್ಜಿ ನಂಬರ್ ಬಂತು. "ಇನ್ನು ಪ್ಯಾಕೆಟ್ ಮೇಲೆ ಆರ್ ಹಾಕ್ಕೊಳ್ಳಿ ಮೇಡಂ" ಅಂದರು. ಆರ್ ಅಂದರೆ ಹೆಸರು ನೋಂದಣಿಯಾಗಿದೆ ಅಂತ ಹೇಳುವ ® ಗುರುತು. ಖುಷಿಯಿಂದ ಹಾಕಿಸಿದೆವು. ಈ ಆರ್ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಿಜವಾದ ಎಡವಟ್ಟು ಆ ಎರಡು ದಿನದಲ್ಲೇ ಆಗಿತ್ತು. ಅರ್ಜಿಯಲ್ಲಿ ಈ ಹೆಸರನ್ನು ಯಾವಾಗಿನಿಂದ ಬಳಸುತ್ತಿದ್ದೀರಿ ಅನ್ನುವ ಜಾಗ ಇರುತ್ತದೆ. ಹಳೆಯ ದಿನಾಂಕ ಹಾಕಿದರೆ ಅದಕ್ಕೆ ಅಫಿಡವಿಟ್ಟು, ದಾಖಲೆ ಎಲ್ಲ ಜೊತೆಗೇ ಕೊಡಬೇಕು. ಆ ತಲೆನೋವು ಯಾಕೆ ಅಂತ ಏಜೆಂಟ್ ‘ಪ್ರಪೋಸ್ಡ್ ಟು ಬಿ ಯೂಸ್ಡ್’ ಅಂತ ಹಾಕಿದ್ದರು. ಅಂದರೆ ಇನ್ನು ಮುಂದೆ ಬಳಸುತ್ತೇವೆ ಅಂತ! ಐದು ವರ್ಷದಿಂದ ಮಾರುತ್ತಿದ್ದವರು ನಾವು. ನಮ್ಮನ್ನು ಅವರು ಕೇಳಲಿಲ್ಲ, ಕಳಿಸಿದ ಕಾಪಿಯನ್ನು ನಾವೂ ಓದಲಿಲ್ಲ.

ಆಮೇಲೆ ಸ್ಟೇಟಸ್ ‘ಆಬ್ಜೆಕ್ಟೆಡ್’ ಆಯಿತು. ಯಾರೋ ನಮ್ಮ ಮೇಲೆ ಕೇಸು ಹಾಕಿದ್ದಾರೆ ಅಂತ ಅತ್ತಿಗೆ ರಾತ್ರಿಯಿಡೀ ನಿದ್ದೆ ಮಾಡಲಿಲ್ಲ. ಹಾಗಲ್ಲ. ಆಬ್ಜೆಕ್ಟೆಡ್ ಅಂದರೆ ರಿಜಿಸ್ಟ್ರಿಯ, ಅಂದರೆ ಟ್ರೇಡ್‌ಮಾರ್ಕ್ ನೋಂದಣಿ ಕಚೇರಿಯ, ಪರೀಕ್ಷಕರೇ ಎತ್ತಿದ ತಕರಾರು. ‘ಅಪೋಸ್ಡ್’ ಬೇರೆ. ಅದು ಹೆಸರು ರಿಜಿಸ್ಟ್ರಿಯ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳೊಳಗೆ ಬೇರೆಯವರು ಹಾಕುವ ವಿರೋಧ.

ನಮಗೆ ಎರಡು ತಕರಾರು ಬಂದಿದ್ದವು. ಒಂದು ಟ್ರೇಡ್‌ಮಾರ್ಕ್ ಕಾಯ್ದೆಯ ಸೆಕ್ಷನ್ 9ರದ್ದು. ಕನ್ನಡ ಪದ ಇದ್ದರೆ ಅರ್ಜಿಯಲ್ಲಿ ಅದರ ಅರ್ಥವನ್ನೂ ಕೊಡಬೇಕು. ಘಮ ಅಂದರೆ ಸುವಾಸನೆ ಅಂತ ನಾವೇ ಬರೆದುಕೊಟ್ಟಿದ್ದೆವು. ಮಸಾಲೆಗೆ ಸುವಾಸನೆ ಅಂತ ಹೆಸರಿಟ್ಟರೆ ಅದು ಸರಕಿನ ಗುಣವನ್ನು ಹೇಳುವ ಪದ, ಯಾರೊಬ್ಬರ ಸ್ವತ್ತೂ ಆಗಲ್ಲ ಅನ್ನುವುದು ಅವರ ಮಾತು. ಇನ್ನೊಂದು ಸೆಕ್ಷನ್ 11ರದ್ದು. ಅದರಲ್ಲಿ ನಮ್ಮದನ್ನು ಹೋಲುವ ಎರಡು ಹಳೆಯ ಹೆಸರುಗಳ ಪಟ್ಟಿ ಇತ್ತು.

ಇದಕ್ಕೆ ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಏಜೆಂಟ್ ಕೊಟ್ಟಿದ್ದರು ನಿಜ. ಆ ಉತ್ತರ ನಾನು ಓದಿದ್ದು ಹಿಯರಿಂಗ್ ಮುಗಿದ ಮೇಲೆ. ಅದರ ಮೂರನೇ ಪುಟದಲ್ಲಿ ನಮ್ಮ ಸಾರಿನ ಪುಡಿ "ಉತ್ತಮ ಗುಣಮಟ್ಟದ ರೆಡಿಮೇಡ್ ಉಡುಪು" ಆಗಿತ್ತು. ಯಾರದೋ ಬಟ್ಟೆ ಅಂಗಡಿಯ ಉತ್ತರವನ್ನೇ ಎತ್ತಿ ಅಂಟಿಸಿದ್ದರು.

ಹಿಯರಿಂಗ್ ನೋಟಿಸು ಹೋಗಿದ್ದು ಏಜೆಂಟ್ ಮೇಲ್‌ಗೆ. ನಮಗೆ ಫೋನ್ ಬಂದಿದ್ದು ಹಿಂದಿನ ದಿನ ಸಂಜೆ. "ನಾಳೆ ಹಿಯರಿಂಗ್ ಇದೆ, ನಾವು ಅಟೆಂಡ್ ಮಾಡಬೇಕಂದ್ರೆ ಆರು ಸಾವಿರ." ಸಿಟ್ಟು ಬಂತು. ನಾವೇ ಕೂರುತ್ತೇವೆ ಅಂದೆವು. ದಿನಾಂಕ ಮುಂದಕ್ಕೆ ಹಾಕಿ ಅಂತ ಟಿಎಂ-ಎಂ ಫಾರ್ಮಿನಲ್ಲಿ 900 ರೂಪಾಯಿ ಕಟ್ಟಿ ಕೇಳಬಹುದಂತೆ. ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ಅದು ಮೊದಲೇ ಮಾಡಬೇಕಾದ ಕೆಲಸ, ಹಿಂದಿನ ದಿನ ಸಂಜೆ ಹಾಕಿ ನಂಬಿ ಕೂರುವಂಥದ್ದಲ್ಲ.

ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ. ಹಿಯರಿಂಗ್ ಮಾತ್ರ ವಿಡಿಯೋದಲ್ಲಿ, ಹಾಗಾಗಿ ಮನೆಯಲ್ಲೇ ಕೂತಿದ್ದೆವು. ನಮ್ಮ ಸರದಿ ಬಂದಾಗ ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ, 2017ರಿಂದ ಮಾರುತ್ತಿದ್ದೇವೆ ಸಾರ್, ಜನ ಈ ಹೆಸರಿನಿಂದಲೇ ನಮ್ಮನ್ನು ಗುರುತಿಸುತ್ತಾರೆ ಅಂದೆ. ಅಧಿಕಾರಿ ಗದರಲಿಲ್ಲ. "ನಿಮ್ಮ ಅರ್ಜಿಯಲ್ಲೇ ಮುಂದೆ ಬಳಸುತ್ತೇವೆ ಅಂತಿದೆಯಲ್ಲ? ಬಳಕೆಯ ಅಫಿಡವಿಟ್ ಫೈಲ್ ಮಾಡಿದ್ದೀರಾ?" ಅಂತ ಕೇಳಿದರು. ನನಗೆ ಬಾಯಿ ಕಟ್ಟಿತು. ಏನಾದರೂ ತೋರಿಸೋಣ ಅಂತ ಅತ್ತಿಗೆ ಪಕ್ಕದಿಂದ ಪ್ಯಾಕೆಟ್ ಎತ್ತಿ ಕ್ಯಾಮೆರಾಗೆ ಹಿಡಿದರು. ಅಧಿಕಾರಿ ಕಣ್ಣು ಕಿರಿದು ಮಾಡಿ ನೋಡಿದರು. "ರಿಜಿಸ್ಟರ್ ಆಗದೆ ಆ ಆರ್ ಯಾಕೆ ಹಾಕಿದ್ದೀರಿ?"

ನೋಂದಣಿಗೆ ಮೊದಲು ಆ ಗುರುತು ಹಾಕುವುದು ಸೆಕ್ಷನ್ 107ರ ಪ್ರಕಾರ ತಪ್ಪು. ಮೊದಲು ಇದಕ್ಕೆ ಮೂರು ವರ್ಷದವರೆಗೂ ಜೈಲಾಗಬಹುದಿತ್ತು, 2024ರಿಂದ ಜೈಲಿನ ಬದಲು ಹಣದ ದಂಡ. ನಮಗೆ ಬರೀ ಎಚ್ಚರಿಕೆಯಲ್ಲಿ ಹೋಯಿತು. ಅದೇ ದಿನ ಉಳಿದ ಲೇಬಲ್‌ಗಳ ಮೇಲೆಲ್ಲ ಸ್ಟಿಕರ್ ಅಂಟಿಸಿದೆವು. ಅರ್ಜಿ ಹಂತದಲ್ಲಿ ಟಿಎಂ (™) ಅಂತ ಹಾಕಿದರೆ ತೊಂದರೆ ಇಲ್ಲ.

ಗುಣ ಹೇಳುವ ಪದಕ್ಕೂ ಒಂದು ದಾರಿ ಇತ್ತು ಅಂತ ಆಮೇಲೆ ತಿಳಿಯಿತು. ಅರ್ಜಿಯ ದಿನಕ್ಕಿಂತ ಮೊದಲೇ, ಬಳಸಿ ಬಳಸಿ ಆ ಹೆಸರು ನಿಮ್ಮದೇ ಅಂತ ಜನರ ಮನಸ್ಸಿನಲ್ಲಿ ಕೂತಿದ್ದರೆ ಸೆಕ್ಷನ್ 9 ಅಡ್ಡ ಬರಲ್ಲ. ಆದರೆ ಅದಕ್ಕೆ ಕಾಗದ ಬೇಕು. ನಮ್ಮ ಹತ್ತಿರ ಬಿಲ್ಲು ರಾಶಿ ಇದ್ದವು. ತೆಗೆದು ನೋಡಿದರೆ ಬಹುಪಾಲು "ಸಾರಿನ ಪುಡಿ 200 ಗ್ರಾಂ, 10 ಪ್ಯಾಕ್" ಅಂತಷ್ಟೇ. ಬ್ರ್ಯಾಂಡ್ ಹೆಸರೇ ಇಲ್ಲ! ಇವತ್ತಿನಿಂದಲೇ ಬಿಲ್ಲಿನಲ್ಲಿ ನಿಮ್ಮ ಹೆಸರು ಬರೆಯಿರಿ ಮಾರಾಯ್ರೇ. ಲೇಬಲ್ ಪ್ರಿಂಟ್ ಮಾಡಿಸಿದ ರಸೀದಿ, ಹೆಸರು ಕಾಣುವ ಜಾಹೀರಾತು, ಮೇಳದ ಮಳಿಗೆಯ ಚೀಟಿ, ಹಳೆಯ ಆರ್ಡರ್ ಮೆಸೇಜು, ಎಲ್ಲವನ್ನೂ ದಿನಾಂಕ ಕಾಣುವಂತೆ ಎತ್ತಿಡಿ.

ಆ ಎರಡು ಹಳೆಯ ಹೆಸರುಗಳ ಬಗ್ಗೆಯೂ ನಾನು ತಿಳಿದುಕೊಂಡು ಹೋಗಿರಲಿಲ್ಲ. ರಿಜಿಸ್ಟ್ರಿ ವೆಬ್‌ಸೈಟಿನಲ್ಲಿ ನಂಬರ್ ಹಾಕಿದರೆ ಯಾರ ಅರ್ಜಿಯ ಸ್ಟೇಟಸ್ಸಾದರೂ ಪುಕ್ಕಟೆ ಸಿಗುತ್ತದೆ. ಒಂದು ಎಂದೋ ‘ಅಬ್ಯಾಂಡಂಡ್’, ಅಂದರೆ ಕೈಬಿಟ್ಟ ಅರ್ಜಿ, ಆಗಿತ್ತು. ಇನ್ನೊಂದು ಟೀ ಪುಡಿಯದ್ದು. ರಿಜಿಸ್ಟ್ರಿ ಸರಕುಗಳನ್ನು ಕ್ಲಾಸ್ ಅನ್ನುವ ಗುಂಪುಗಳಾಗಿ ವಿಂಗಡಿಸುತ್ತದೆ. ಟೀ, ಕಾಫಿ, ಮಸಾಲೆ ಎಲ್ಲವೂ 30ನೇ ಕ್ಲಾಸಿಗೇ ಬರುತ್ತವೆ, ಅದಕ್ಕೇ ತಗಲಿಕೊಂಡಿತ್ತು. ಇಲ್ಲಿ ನಮ್ಮ ನಾಡಿನದೇ ಒಂದು ಕೇಸ್ ನೆರವಾಗುತ್ತಿತ್ತು. ಕೆಎಂಎಫ್‌ನ ನಂದಿನಿ 1985ರಿಂದ ಇದೆ, ನಂದಿನಿ ಡಿಲಕ್ಸ್ ಹೋಟೆಲ್ 1989ರಿಂದ. ಇವರಿಬ್ಬರ ವ್ಯಾಜ್ಯದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನ ಕಡೆ ತೀರ್ಪು ಕೊಟ್ಟಿತು. ಹಾಲಿನ ಪದಾರ್ಥಗಳಿಗೆ ಆ ಹೆಸರನ್ನು ಹೋಟೆಲ್ ಬಿಟ್ಟುಕೊಡಬೇಕಾಯಿತು. ಆದರೆ ಕ್ಲಾಸ್ ಒಂದೇ ಅನ್ನುವ ಒಂದೇ ಕಾರಣಕ್ಕೆ ಹೆಸರು ನಿರಾಕರಿಸುವಂತಿಲ್ಲ ಅಂತ ಆ ತೀರ್ಪಿನಲ್ಲಿದೆ. ನಮ್ಮದೂ ಹಾಗೇ ದಾಟುತ್ತಿತ್ತು ಅಂತ ಹೇಳಲಾರೆ. ಕೊನೇಪಕ್ಷ ಬಾಯಿ ತೆರೆಯಲು ಒಂದು ಮಾತಾದರೂ ಇರುತ್ತಿತ್ತು.

ತಿರಸ್ಕಾರದ ಮೇಲೆ ಮೂರು ತಿಂಗಳೊಳಗೆ ಹೈಕೋರ್ಟಿಗೆ ಹೋಗಬಹುದು. ಪುಡಿ ಮಾರುವ ನಮಗೆ ಆ ಖರ್ಚು ಎಲ್ಲಿಂದ? ಹೊಸದಾಗಿ ಅರ್ಜಿ ಹಾಕಿದೆವು. ಮತ್ತೆ 4,500. ಬಳಕೆ 2017ರಿಂದ, ಜೊತೆಗೆ ನೋಟರಿ ಅಫಿಡವಿಟ್. ಈ ಸಲ ಮೇಲ್, ಫೋನ್ ಎರಡೂ ನಮ್ಮದೇ ಕೊಟ್ಟಿದ್ದೇವೆ.

ದಾಖಲೆಗೆ ಅಂತ ಮೊದಲ ಲೇಬಲ್ ಮಾಡಿಕೊಟ್ಟ ಪ್ರೆಸ್ಸಿಗೆ ಹೋಗಿದ್ದೆವು. ಆ ಹಿರಿಯರು ಅಟ್ಟದ ಮೇಲಿಂದ ಹಳೆಯ ಬಿಲ್ ಪುಸ್ತಕ ಇಳಿಸಿ, ಧೂಳು ಕೊಡವಿ, ಹಾಳೆ ಹುಡುಕಿ ಕೊಟ್ಟರು. ಸಾವಿರ ಲೇಬಲ್, ಪೂರ್ತಿ ಹೆಸರು ಸಮೇತ. ಮೂಲೆಯನ್ನು ಇಲಿ ತಿಂದಿದೆ. ದಿನಾಂಕ ಉಳಿದಿದೆ.