ಉಪ್ಪರಿಗೆಯ ಕಂಪ್ಯೂಟರ್, ಚಾವಡಿಯ ಟಿವಿ: ಸನ್‌ಶೈನ್, ಸ್ಟೀಮ್, ಪಾರ್ಸೆಕ್ ಹೋಲಿಕೆ

ಒಂದು ಕಂಪ್ಯೂಟರಿನಲ್ಲಿ ಓಡುವ ಗೇಮನ್ನು ಬೇರೆ ಕಡೆಯ ಪರದೆಯಲ್ಲಿ ಕೂತು ಆಡಲು ಬಿಡುವ ಸಾಫ್ಟ್‌ವೇರುಗಳಿವು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸನ್‌ಶೈನ್–ಮೂನ್‌ಲೈಟ್ ಜೋಡಿಗೆ. ಗೇಮ್ ಓಡುವ ಕಂಪ್ಯೂಟರಿನಲ್ಲಿ ಸನ್‌ಶೈನ್, ಆಡುವ ಕಡೆ ಮೂನ್‌ಲೈಟ್. ಎರಡೂ ಉಚಿತ. ಸ್ಟೀಮ್ ರಿಮೋಟ್ ಪ್ಲೇ ಮತ್ತು ಪಾರ್ಸೆಕ್‌ಗಳನ್ನೂ ಇದೇ ಮನೆಯಲ್ಲಿ, ಇವೇ ಕಂಪ್ಯೂಟರುಗಳಲ್ಲಿ ಬಳಸಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಉಡುಪಿಯ ಅಂಬಲಪಾಡಿಯಲ್ಲಿ ನಮ್ಮದು ಮುರಕಲ್ಲಿನ ಹಳೆಯ ಮನೆ. ಗ್ರಾಫಿಕ್ಸ್ ಕಾರ್ಡ್ ಇರುವ ದೊಡ್ಡ ಕಂಪ್ಯೂಟರ್ ಉಪ್ಪರಿಗೆಯಲ್ಲಿದೆ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಅಲ್ಲಿ ಕೂರುವ ಹಾಗೇ ಇಲ್ಲ. ಕೆಳಗೆ ಚಾವಡಿಯ ಟಿವಿಗೆ ಹಳೆಯ ಲ್ಯಾಪ್‌ಟಾಪ್ ಜೋಡಿಸಿದ್ದೇನೆ. ಗೇಮ್ ಮೇಲೆ ಓಡಬೇಕು, ನಾನು ಕೆಳಗೆ ಫ್ಯಾನಿನಡಿ ಕೂತು ಆಡಬೇಕು.

ಸಾಫ್ಟ್‌ವೇರಿಗಿಂತ ಮೊದಲು ಕೇಬಲ್ ವಿಷಯ. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದೊಂದು ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್ ಅಷ್ಟೇ. ದಪ್ಪ ಮುರಕಲ್ಲಿನ ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ವೈಫೈ ಸೊರಗುತ್ತದೆ. 2.4 ದಾಟಿ ಬಂದರೂ ನೆರೆಮನೆಗಳ ರೂಟರುಗಳ ನಡುವೆ ತಡವರಿಸುತ್ತದೆ. ಕ್ಯಾಟ್6 ನೆಟ್‌ವರ್ಕ್ ಕೇಬಲ್ ಎಳೆಸಿದ ಮೇಲೆ ಮೂರೂ ಸಾಫ್ಟ್‌ವೇರುಗಳು ಚೆನ್ನಾಗಿಯೇ ಓಡಿದವು. 1080ಪಿ, 60 ಫ್ರೇಮಿಗೆ ಮೂನ್‌ಲೈಟ್ ತಾನಾಗಿ ಇಟ್ಟುಕೊಳ್ಳುವ ವೇಗ 20 ಎಂಬಿಪಿಎಸ್, ಹಾಗಾಗಿ 100 ಎಂಬಿಪಿಎಸ್ ಪೋರ್ಟಿನ ಹಳೆಯ ರೂಟರೂ ಸಾಕು. ಗುಡುಗು ಸಿಡಿಲಿನ ಹೊತ್ತಿಗೆ ಮಾತ್ರ ಕೇಬಲ್ ಕಳಚಿಡಿ.

ನಿಜವಾದ ಕಿರಿಕಿರಿ ಇರುವುದು ಪರದೆಯಲ್ಲಿ. ಉಪ್ಪರಿಗೆಯ ಕಂಪ್ಯೂಟರಿಗೆ ಎರಡು ಮಾನಿಟರ್. ಕೆಳಗೆ ಕೂತು ಆಡುವಾಗ ಅವು ಮೇಲೆ ಸುಮ್ಮನೆ ಉರಿಯುವುದೇಕೆಂದು ಅಮ್ಮ ಗೋಡೆಯ ಸ್ವಿಚ್ಚು ಆರಿಸುತ್ತಾರೆ, ಅವರು ಮಾಡುವುದು ಸರಿಯೇ. ಆದರೆ ಜೋಡಿಸಿದ ಮಾನಿಟರ್ ಒಂದೂ ಇಲ್ಲ ಎಂದು ವಿಂಡೋಸಿಗೆ ಕಂಡರೆ, ಕಳಿಸಲು ಚಿತ್ರವೇ ಇರುವುದಿಲ್ಲ. ಟಿವಿಯಲ್ಲಿ ಕಪ್ಪು ಪರದೆ, ಇಲ್ಲವೇ ಸಂಪರ್ಕವೇ ಆಗುವುದಿಲ್ಲ. ಒಂದು ಮಾನಿಟರ್ ಮಾತ್ರ ಆರಿಸಿದರೆ ಬೇರೆ ತಂಟೆ. ಮುಖ್ಯ ಪರದೆ ಯಾವುದೆಂಬುದು ಅದಲುಬದಲಾಗಿ, ಗೇಮ್ ಒಂದರಲ್ಲಿ ತೆರೆದುಕೊಂಡರೆ ಟಿವಿಗೆ ಬರುವುದು ಇನ್ನೊಂದು. ಸನ್‌ಶೈನಿನಲ್ಲಿ ಕಂಟ್ರೋಲ್, ಆಲ್ಟ್, ಶಿಫ್ಟ್ ಹಿಡಿದು ಎಫ್1, ಎಫ್2 ಒತ್ತಿದರೆ ಪರದೆ ಬದಲಾಗುತ್ತದೆ. ಕೈಯಲ್ಲಿ ಕಂಟ್ರೋಲರ್ ಹಿಡಿದು ಕೂತವರಿಗೆ ಅದರಿಂದ ಪ್ರಯೋಜನವಿಲ್ಲ.

ಅಗ್ಗದ ಉಪಾಯ ಎಚ್‌ಡಿಎಂಐ ಡಮ್ಮಿ ಪ್ಲಗ್. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅಲ್ಲೊಂದು ಮಾನಿಟರ್ ಇದೆ ಎಂದು ಗ್ರಾಫಿಕ್ಸ್ ಕಾರ್ಡನ್ನು ನಂಬಿಸುವುದಷ್ಟೇ ಅದರ ಕೆಲಸ. ಕಪ್ಪು ಪರದೆ ಹೋಯಿತು, ನಿಜ. ಆದರೆ ಉಳಿದ ಹೊತ್ತಿನಲ್ಲೂ ಕಣ್ಣಿಗೆ ಕಾಣದ ಮೂರನೆಯ ಪರದೆಯೊಂದು ಹಾಗೇ ಇರುತ್ತದೆ. ಮೌಸಿನ ಬಾಣ ಅದರೊಳಗೆ ಹೋಗಿ ಮಾಯವಾಗುತ್ತದೆ, ಕೆಲವು ಪ್ರೋಗ್ರಾಮುಗಳು ಅಲ್ಲೇ ಹೋಗಿ ತೆರೆದುಕೊಳ್ಳುತ್ತವೆ. ಆಫೀಸಿನ ಕೆಲಸವನ್ನೂ ಇದೇ ಕಂಪ್ಯೂಟರಿನಲ್ಲಿ ಮಾಡುವ ನನಗೆ ಇದು ದಿನವಿಡೀ ಕಾಟ.

ಇದನ್ನು ಬಗೆಹರಿಸಿದ್ದು ಅಪೊಲೊ. ಸನ್‌ಶೈನಿನಿಂದಲೇ ಕವಲೊಡೆದ ಸಾಫ್ಟ್‌ವೇರ್ ಇದು. ಮೂನ್‌ಲೈಟ್ ಸಂಪರ್ಕಿಸಿದ ಕೂಡಲೇ ಆ ಸಾಧನದ ರೆಸೊಲ್ಯೂಶನ್ನಿಗೂ ರಿಫ್ರೆಶ್ ರೇಟಿಗೂ ಸರಿಯಾಗಿ ಒಂದು ವರ್ಚುವಲ್ ಪರದೆ ಹುಟ್ಟುತ್ತದೆ, ಆಟ ಮುಗಿಸಿದರೆ ಅಳಿಯುತ್ತದೆ. ಟಿವಿಗೆ ಟಿವಿಯ ಅಳತೆ, ತಂಗಿಯ ಟ್ಯಾಬ್ಲೆಟಿಗೆ ಅದರ ಅಳತೆ, ಅಕ್ಕಪಕ್ಕ ಕಪ್ಪು ಪಟ್ಟಿ ಇಲ್ಲ. ಅಮ್ಮ ಎರಡೂ ಮಾನಿಟರ್ ಆರಿಸಿದರೂ ಗೇಮ್ ನಿಲ್ಲುವುದಿಲ್ಲ. ಈ ಸೌಲಭ್ಯ ವಿಂಡೋಸಿನಲ್ಲಿ ಮಾತ್ರ ಎಂಬುದು ನೆನಪಿರಲಿ. ನನ್ನ ಮಟ್ಟಿಗೆ ಹೋಲಿಕೆ ಇಲ್ಲೇ ತೀರ್ಮಾನವಾಯಿತು.

ಸ್ಟೀಮ್ ರಿಮೋಟ್ ಪ್ಲೇ ಎಲ್ಲಕ್ಕಿಂತ ಸುಲಭ. ಎರಡೂ ಕಡೆ ಒಂದೇ ಖಾತೆಯಲ್ಲಿ ಲಾಗಿನ್ ಆದರೆ ಆಯಿತು. ಕಂಟ್ರೋಲರಿನ ಬಟನ್ನುಗಳನ್ನು ನಮಗೆ ಬೇಕಾದ ಹಾಗೆ ಹೊಂದಿಸಿಕೊಳ್ಳುವುದರಲ್ಲಿ ಅದನ್ನು ಮೀರಿಸಿದ್ದನ್ನು ನಾನು ಕಂಡಿಲ್ಲ. ಒಂದೇ ಮಾನಿಟರ್ ಇದ್ದು, ಸ್ಟೀಮಿನಲ್ಲಿ ಕೊಂಡ ಗೇಮುಗಳನ್ನಷ್ಟೇ ಆಡುವವರು ಮುಂದೆ ಓದುವುದೇ ಬೇಡ, ಅದನ್ನೇ ಹಾಕಿಕೊಳ್ಳಿ. ನನ್ನ ಅರ್ಧದಷ್ಟು ಗೇಮುಗಳು ಬೇರೆ ಕಡೆ ಕೊಂಡವು.

ಪಾರ್ಸೆಕ್‌ನ ವೇಗದ ಬಗ್ಗೆ ಎರಡು ಮಾತಿಲ್ಲ. ಆದರೆ ಉಚಿತ ಖಾತೆಯಲ್ಲಿ ಒಂದು ಸಲಕ್ಕೆ ಒಂದೇ ಪರದೆ, ಹೆಚ್ಚು ಬೇಕಾದರೆ ಚಂದಾ ಕಟ್ಟಬೇಕು. ಅದಕ್ಕಿಂತ ಮುಖ್ಯವಾಗಿ, ಒಂದೇ ಮನೆಯ ಎರಡು ಕಂಪ್ಯೂಟರುಗಳನ್ನು ಜೋಡಿಸಲೂ ಅದು ಹೊರಗಿನ ಸರ್ವರಿಗೆ ಹೋಗಿಯೇ ಬರಬೇಕು. ಆಟಿಯ ಮಳೆಗೆ ತೆಂಗಿನ ಮಡಲು ಬಿದ್ದು ಫೈಬರ್ ತುಂಡಾದರೆ ಎರಡು ದಿನ ಇಂಟರ್ನೆಟ್ ಇಲ್ಲದಿರುವುದು ನಮ್ಮಲ್ಲಿ ಸಾಮಾನ್ಯ. ಮನೆಯಿಂದ ಹೊರಗೆ ಕಾಲಿಡಲಾಗದ ಅಂಥ ಸಂಜೆಗಳಲ್ಲೇ ನನಗೆ ಆಡಲು ಬಿಡುವು. ಒಮ್ಮೆ ನಾಲ್ಕಂಕಿಯ ಪಿನ್ ಕೊಟ್ಟು ಜೋಡಿಸಿಟ್ಟರೆ ಮೂನ್‌ಲೈಟಿಗೆ ಮನೆಯ ರೂಟರೊಂದೇ ಸಾಕು.

ಎರಡನೆಯ ಪರದೆಯ ಬಗ್ಗೆ: ಮೂನ್‌ಲೈಟ್ ಒಂದು ಸಲಕ್ಕೆ ತೋರಿಸುವುದು ಒಂದೇ ಪರದೆ. ಎರಡೂ ಬೇಕೆಂದರೆ ಮೇಲಿನ ಕಂಪ್ಯೂಟರಿನಲ್ಲಿ ಸನ್‌ಶೈನಿನ ಇನ್ನೊಂದು ಪ್ರತಿಯನ್ನು ಬೇರೆ ಪೋರ್ಟ್ ಸಂಖ್ಯೆಯಲ್ಲಿ ಓಡಿಸಬೇಕು. ನನಗೆ ಅಷ್ಟು ಬೇಕಾಗಲಿಲ್ಲ. ಇನ್ನೊಂದು ಲ್ಯಾಪ್‌ಟಾಪನ್ನು ಸ್ಪೇಸ್‌ಡೆಸ್ಕ್ ಮೂಲಕ ಹೆಚ್ಚುವರಿ ಮಾನಿಟರ್ ಮಾಡಿದೆ, ಓದಲು ಚೆನ್ನ, ಚಲಿಸುವ ಚಿತ್ರಕ್ಕೆ ಸಾಲದು. ಪರದೆಯನ್ನು ತಂತಿಯಿಲ್ಲದೆ ಕಳಿಸುವ ಮಿರಾಕಾಸ್ಟಿಗೆ ವೈಫೈ ಬೇಕು, ಉಪ್ಪರಿಗೆಯ ಕಂಪ್ಯೂಟರಿಗೆ ಅದಿಲ್ಲ. ಕೊನೆಗೆ ನಿಂತದ್ದು ಮೈಕ್ರೋಸಾಫ್ಟಿನ ಪವರ್‌ಟಾಯ್ಸ್‌ನಲ್ಲಿರುವ ಮೌಸ್ ವಿದೌಟ್ ಬಾರ್ಡರ್ಸ್. ಒಂದೇ ಮೌಸ್ ಮತ್ತು ಕೀಬೋರ್ಡಿನಲ್ಲಿ ನಾಲ್ಕು ಕಂಪ್ಯೂಟರುಗಳವರೆಗೆ ಓಡಾಡಬಹುದು.

ಮಂಗಳೂರಿನಲ್ಲಿ ರೂಮು ಮಾಡಿಕೊಂಡಿರುವ ತಮ್ಮನೂ ರಾತ್ರಿ ಇದೇ ಕಂಪ್ಯೂಟರಿನಲ್ಲಿ ಆಡುತ್ತಾನೆ. ನಮ್ಮ ಇಂಟರ್ನೆಟ್ ಸಂಪರ್ಕದಲ್ಲಿ ಒಂದೇ ಐಪಿಯನ್ನು ಹಲವು ಮನೆಗಳಿಗೆ ಹಂಚಿರುವುದರಿಂದ ಹೊರಗಿನಿಂದ ಬರುವ ಸಂಪರ್ಕವನ್ನು ರೂಟರಿನಿಂದ ಕಂಪ್ಯೂಟರಿಗೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್ ಕೆಲಸ ಮಾಡುವುದಿಲ್ಲ, ದೂರದ ಕಂಪ್ಯೂಟರುಗಳನ್ನು ಒಂದೇ ಖಾಸಗಿ ಜಾಲಕ್ಕೆ ಸೇರಿಸುವ ಟೇಲ್‌ಸ್ಕೇಲನ್ನು ಎರಡೂ ಕಡೆ ಹಾಕಬೇಕಾಯಿತು. ಈ ಒಂದು ವಿಷಯದಲ್ಲಿ ಪಾರ್ಸೆಕ್ ಸಲೀಸು, ಖಾತೆ ತೆರೆದು ಕಂಪ್ಯೂಟರಿನ ಹೆಸರು ಒತ್ತಿದರಾಯಿತು. ಆಡುವುದು ಹೆಚ್ಚಾಗಿ ಮನೆಯ ಹೊರಗಿನಿಂದಲೇ ಆದರೆ, ಒಂದೇ ಪರದೆ ಸಾಕೆಂದಾದರೆ, ಮೊದಲು ಪಾರ್ಸೆಕ್ ಹಾಕಿ ನೋಡಿ.