ಟಾಟಾನಾ, ಅದಾನಿನಾ? ಮುಂಬೈ ಉಪನಗರದ ಕರೆಂಟ್ ಬಿಲ್

ನಾವು ಗೋರೆಗಾಂವ್‌ನಲ್ಲಿದ್ದೇವೆ. ಮಾಟುಂಗಾದ ಅಕ್ಕನ ಮನೆಗೆ ನಗರದ ಬೆಸ್ಟ್ (BEST) ಸಂಸ್ಥೆಯ ಕರೆಂಟ್, ಮುಲುಂಡ್‌ನ ಮಾವನವರ ಮನೆಗೆ ರಾಜ್ಯ ಸರ್ಕಾರದ ಕಂಪನಿ ಮಹಾವಿತರಣದ್ದು. ನಮ್ಮ ಕಡೆ ಮಾತ್ರ ಅದಾನಿ, ಟಾಟಾ ಪವರ್ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಇದು ದೊಡ್ಡ ಅನುಕೂಲ. ಸುಮ್ನೆ ಬಿಡಬೇಡಿ.

ಆದರೆ ಯೂನಿಟ್ ದರ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ಬಿಲ್‌ನಲ್ಲಿ ಫಿಕ್ಸೆಡ್ ಚಾರ್ಜ್ ಬೇರೆ, ಎನರ್ಜಿ ಚಾರ್ಜ್ ಬೇರೆ, ತಂತಿ ಬಳಸಿದ್ದಕ್ಕೆ ವೀಲಿಂಗ್ ಚಾರ್ಜ್ ಬೇರೆ. ಇವುಗಳ ಮೇಲೆ ಸರ್ಕಾರದ ವಿದ್ಯುತ್ ಸುಂಕ. ಯೂನಿಟ್‌ಗಳೂ 100ರವರೆಗೆ ಒಂದು ದರ, 101ರಿಂದ 300ಕ್ಕೆ ಇನ್ನೊಂದು, 500 ದಾಟಿದರೆ ಮತ್ತೂ ಜಾಸ್ತಿ. ನಮ್ಮ ಮನೆಯಲ್ಲಿ ಜನವರಿಯಲ್ಲಿ ಫ್ಯಾನೂ ಬೇಡ, ಮೇನಲ್ಲಿ ರಾತ್ರಿಯಿಡೀ ಎಸಿ. ಒಂದೇ ತಿಂಗಳ ಬಿಲ್ ಹಿಡಿದು ಹೋಲಿಸಿದರೆ ಏನೂ ತಿಳಿಯಲ್ಲ ಅಲ್ವಾ? ಇಡೀ ವರ್ಷದ ಬಿಲ್‌ಗಳನ್ನು ಹರಡಿಕೊಂಡು, ಎರಡೂ ಕಂಪನಿಗಳ ದರಪಟ್ಟಿಯಲ್ಲಿ ತಿಂಗಳು ತಿಂಗಳೂ ಲೆಕ್ಕ ಹಾಕಿ. ದರ ನಿಗದಿ ಮಾಡುವುದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ. ಅದರ ಹೊಸ ಆದೇಶ ಬಂದಾಗಲೆಲ್ಲ ಲೆಕ್ಕ ಬದಲಾಗುತ್ತದೆ.

ಇನ್ನೊಂದು ಮಾತು. ಕಂಪನಿ ಬದಲಿಸಿದರೂ ಎಷ್ಟೋ ಮನೆಗಳಿಗೆ ತಂತಿ ಹಳೆಯ ಕಂಪನಿಯದೇ. ಅಂಥ ಕಡೆ ವೀಲಿಂಗ್ ಚಾರ್ಜ್ ತಂತಿ ಯಾರದೋ ಅವರ ದರದಲ್ಲೇ ಬರುತ್ತದೆ. ಕೇಬಲ್ ಸುಟ್ಟರೆ ರಿಪೇರಿ ಮಾಡುವವರೂ ಅವರೇ. ಹಾಗಾಗಿ ಕರೆಂಟ್ ಹೋಗುವುದು ಕಡಿಮೆಯಾಗಲಿ ಅಂತ ಬದಲಿಸಬೇಡಿ, ದುಡ್ಡು ಉಳಿದರೆ ಬದಲಿಸಿ. ನಾವು ಲೆಕ್ಕ ಹಾಕಿಯೇ ಟಾಟಾಗೆ ಬಂದೆವು, ನಮಗೆ ತೃಪ್ತಿಯಿದೆ.