ಬೇಕಲವೋ ಚಂದ್ರಗಿರಿಯೋ? ಕಾಸರಗೋಡಿನವರೇ ಕಾಸರಗೋಡು ನೋಡಲು ಹೊರಟರೆ

ಕಾಸರಗೋಡಿನಲ್ಲಿ ಮನೆ ಇರುವವರಿಗೆ ಬೇಕಲ ಕೋಟೆ ಅಂದರೆ ನೆಂಟರ ಜತೆ ಹೋಗುವ ಜಾಗ. ಬೆಂಗಳೂರಿನಿಂದ ಚಿಕ್ಕಮ್ಮನ ಮಕ್ಕಳು ಬಂದರೆ ಬೇಕಲ, ಮದುವೆಗೆ ಬಂದವರು ಒಂದು ದಿನ ಉಳಿದುಕೊಂಡರೆ ಬೇಕಲ. ಅಲ್ಲಿ ನಾವು ನೋಡುವುದು ಕೋಟೆಯನ್ನಲ್ಲ, ಬಂದವರಿಗೆ ಖುಷಿಯಾಯಿತೋ ಇಲ್ಲವೋ ಅಂತ ಅವರ ಮುಖವನ್ನು. ಈ ಸಲ ನೆಂಟರಿಲ್ಲದೆ ನಾನೂ ಭಾವನೂ ಮಾತ್ರ ಹೊರಟೆವು. ಸ್ವಂತ ಗಾಡಿ ಬೇಡ, ಬಸ್ಸು, ರಿಕ್ಷಾ, ಇಲ್ಲವಾದರೆ ನಡಿಗೆ ಅಂತ ಮಾತಾಗಿತ್ತು. ಬೆಳಿಗ್ಗೆ ಮಧೂರು, ಅನಂತಪುರ ಅಂತ ಎರಡು ದೇವಸ್ಥಾನ, ಮಧ್ಯಾಹ್ನದ ಮೇಲೆ ಬೇಕಲ, ಚಂದ್ರಗಿರಿ ಅಂತ ಎರಡು ಕೋಟೆ. ಒಂದೇ ದಿನದಲ್ಲಿ ಎಲ್ಲ ಹಿಡಿಸುತ್ತದೆ. ಆದರೆ ನೀವು ಹಿಡಿಸಲು ಹೋಗಬೇಡಿ. ಮಧೂರು, ಅನಂತಪುರ ಒಂದು ಕಡೆ, ಕೋಟೆಗಳು ಇನ್ನೊಂದು ಕಡೆ. ನಡುವೆ ಪೇಟೆ ದಾಟುವುದರಲ್ಲೇ ಅರ್ಧ ಜೀವ ಹೋಗುತ್ತದೆ. ಹಾಗಾಗಿ ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಅನ್ನುವುದೇ ಪ್ರಶ್ನೆ.

ದೇವಸ್ಥಾನದ ಮಾತು ಬೇಗ ಮುಗಿಸುತ್ತೇನೆ. ಮಧೂರಿಗೆ ನಾವು ಸಣ್ಣಂದಿನಿಂದ ಹೋಗುತ್ತಿದ್ದೇವೆ. ಗಣಪತಿಗೆ ಕೈಮುಗಿದು, 'ಅಪ್ಪ' ಅನ್ನುವ ಸಿಹಿ ತಿಂಡಿಯ ಪ್ರಸಾದ ತೆಗೆದುಕೊಂಡು ವಾಪಸ್. ಮುಖ್ಯ ದೇವರು ಮದನಂತೇಶ್ವರ, ಅಂದರೆ ಶಿವ ಅನ್ನುವುದು ಎಷ್ಟೋ ಸಲ ಮರೆತೇ ಹೋಗಿರುತ್ತದೆ. ಈ ಸಲ ತಲೆ ಎತ್ತಿ ಮರದ ಕೆತ್ತನೆ ನೋಡಿದೆವು. ಆನೆಯ ಬೆನ್ನಿನ ಹಾಗೆ ದುಂಡಗಿರುವ ಮೂರು ನೆಲೆಯ ಗರ್ಭಗುಡಿಯನ್ನು ಹಿಂದಿನಿಂದಲೂ ಸುತ್ತಿ ನೋಡಿದೆವು. ಚೆನ್ನಾಗಿದೆ. ಆದರೆ ಪರಿಚಯದವರು ಸಿಕ್ಕಿ "ಎಂತ, ವಿಶೇಷವಾ?" ಅಂತ ಕೇಳಿದ ಕೂಡಲೇ ಪ್ರವಾಸಿಯ ವೇಷ ಕಳಚಿ ಬೀಳುತ್ತದೆ.

ಅನಂತಪುರದಲ್ಲಿ ಹಾಗಾಗುವುದಿಲ್ಲ. ಕುಂಬಳೆಯಲ್ಲಿ ಇಳಿದು ರಿಕ್ಷಾ ಹಿಡಿದೆವು. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬಯಲಿನ ನಡುವೆ ಚೌಕಾಕಾರದ ಕೆರೆ, ಕೆರೆಯ ನಡುವೆ ಗುಡಿ, ದಾಟಲು ಒಂದು ಸಣ್ಣ ಸೇತುವೆ. ತಿರುವನಂತಪುರದ ಪದ್ಮನಾಭನಿಗೆ ಇದೇ ಮೂಲಸ್ಥಾನ ಅನ್ನುವುದು ಇಲ್ಲಿಯ ನಂಬಿಕೆ. ಈ ಕೆರೆಯಲ್ಲಿ ನೈವೇದ್ಯದ ಅನ್ನ ತಿಂದುಕೊಂಡಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ಮರುವರ್ಷ ನವೆಂಬರಿನಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ನಮಗೇನೂ ಕಾಣಲಿಲ್ಲ. ಆದರೂ ಭಾವ ಕೆರೆಯ ಮೂಲೆಯ ಗುಹೆಯ ಕಡೆಯಿಂದ ಕಣ್ಣು ತೆಗೆಯಲೇ ಇಲ್ಲ. "ಭಾವಾ, ಅದು ಬರುವುದಾದರೆ ನಾವು ಹೋದ ಮೇಲೆಯೇ ಬರುವುದು" ಅಂದೆ. ಎರಡರಲ್ಲಿ ಒಂದು ಅಂದರೆ ನನ್ನ ಓಟು ಅನಂತಪುರಕ್ಕೆ.

ಊಟ ಪೇಟೆಯಲ್ಲೇ. ಕುಚ್ಚಲಕ್ಕಿ ಅನ್ನ, ಸಾರು, ಉಪ್ಪಿನಕಾಯಿ. ಅದರಲ್ಲಿ ಹೋಲಿಸಲು ಏನೂ ಇಲ್ಲ.

ಇನ್ನು ಕೋಟೆಗಳು. ಎರಡೂ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದವು ಅನ್ನುತ್ತಾರೆ, ಎರಡೂ 17ನೇ ಶತಮಾನದವು, ಎರಡೂ ಮುರಕಲ್ಲಿನವು. ಹೋಲಿಕೆ ಅಲ್ಲಿಗೆ ಮುಗಿಯಿತು. ಬೇಕಲ ಸುಮಾರು 40 ಎಕರೆ, ಕಡಲಿಗೆ ತಾಗಿಕೊಂಡೇ ಇದೆ. ಟಿಕೆಟ್ ಇದೆ, ಹುಲ್ಲು ಕತ್ತರಿಸಿದ ಅಂಗಳ ಇದೆ, ಸೆಲ್ಫಿ ತೆಗೆಯುವವರ ಸಾಲು ಇದೆ. ಇಷ್ಟು ವರ್ಷ ನಾನು ಸರಿಯಾಗಿ ನೋಡದೇ ಬಿಟ್ಟಿದ್ದು ಗೋಡೆಯ ತೂತುಗಳನ್ನು. ಬಗ್ಗಿ ಒಂದೊಂದರಲ್ಲೂ ಕಣ್ಣಿಟ್ಟು ನೋಡಿ. ಮೇಲಿನ ತೂತಿನಲ್ಲಿ ದೂರದ ಜಾಗ ಕಾಣುತ್ತದೆ, ಅದರ ಕೆಳಗಿನದರಲ್ಲಿ ಹತ್ತಿರದ್ದು, ಎಲ್ಲಕ್ಕಿಂತ ಕೆಳಗಿನದರಲ್ಲಿ ಗೋಡೆಯ ಬುಡ. ಶತ್ರು ಎಷ್ಟು ಹತ್ತಿರ ಬಂದಿದ್ದಾನೆ ನೋಡಿ, ಅದಕ್ಕೆ ಸರಿಯಾದ ತೂತಿನಿಂದ ಗುಂಡು. ನಡುವಿನ ವೀಕ್ಷಣಾ ಗೋಪುರಕ್ಕೆ ಮೆಟ್ಟಿಲಿಲ್ಲ, ಅಗಲದ ಇಳಿಜಾರು. ಮೊಣಕಾಲು ನೋವಿನ ಭಾವನಿಗೆ ಅದೇ ದೊಡ್ಡ ಉಪಕಾರ. ಬ್ರಿಟಿಷರ ಕಾಲದಲ್ಲಿ ಮೊದಲು ತಾಲೂಕು ಕೇಂದ್ರ ಇದ್ದದ್ದು ಬೇಕಲದಲ್ಲೇ, ಕಾಸರಗೋಡಿಗೆ ಬಂದದ್ದು ಆಮೇಲೆ. ಆ ಲೆಕ್ಕದಲ್ಲಿ ಆಗ ನಾವೇ ಅವರಿಗೆ ಹಳ್ಳಿಯವರು!

ಚಂದ್ರಗಿರಿ ಕೋಟೆಯಲ್ಲಿ ಇದ್ಯಾವುದೂ ಇಲ್ಲ. ಬೇಕಲದ ಎದುರು ಅದು ತೀರಾ ಸಣ್ಣದು. ಯಾರೂ ಟಿಕೆಟ್ ಕೇಳಲಿಲ್ಲ, ಯಾರೂ ಇರಲೂ ಇಲ್ಲ. ಗೋಡೆಯ ಮೇಲೆ ಪಾಚಿ, ಒಳಗೆ ಹುಲ್ಲು, ಕಾಡುಗಿಡ. "ಇದೆಂತ ಮಾರಾಯಾ, ಇದನ್ನು ನೋಡಲಿಕ್ಕೆ ಬಿಸಿಲಲ್ಲಿ ಹತ್ತಿಸಿದೆಯಾ?" ಅಂತ ಭಾವ ಗೊಣಗಿದರು. ಗೋಡೆಯ ಅಂಚಿಗೆ ಬಂದ ಮೇಲೆ ಗೊಣಗಾಟ ನಿಂತಿತು. ಕೆಳಗೆ ಚಂದ್ರಗಿರಿ ಹೊಳೆ. ಕೊಡಗಿನಲ್ಲಿ ಹುಟ್ಟಿ, ಸುಳ್ಯದ ಕಡೆ ಪಯಸ್ವಿನಿ ಅನ್ನಿಸಿಕೊಂಡು, ಇಲ್ಲಿ ಕಡಲು ಸೇರುತ್ತದೆ. ಆಚೆ ದಡದಲ್ಲಿ ತೆಂಗಿನ ತೋಟ, ತಳಂಗರೆಯ ಕಡೆಯ ಮನೆಗಳು, ಅದರ ಹಿಂದೆ ನಮ್ಮ ಪೇಟೆ. ಹಿಂದಿನವರು ತುಳುನಾಡಿನ ಗಡಿ ಅನ್ನುತ್ತಿದ್ದ ಹೊಳೆ ಇದು. ಅದನ್ನು ದಾಟಿ ಈಚೆ ನಿಂತರೆ ದಿನಾ ಓಡಾಡುವ ಊರನ್ನು ಹೊರಗಿನವರ ಹಾಗೆ ನೋಡಬಹುದು. ನಮ್ಮ ಮನೆ ಯಾವ ಕಡೆ, ಆಫೀಸು ಯಾವ ಕಡೆ ಅಂತ ಬೆರಳು ತೋರಿಸುತ್ತಾ ಜಗಳ ಮಾಡುತ್ತಾ ಕೂತೆವು. ಬೇಕಲದಲ್ಲಿ ಕಡಲು ಮಾತ್ರ ಕಾಣುತ್ತದೆ. ಕಡಲು ನಮಗೆ ಹೊಸದಲ್ಲ, ಅಲ್ವಾ?

ಹಾಗಂತ ಮನೆಗೆ ಬಂದ ನೆಂಟರನ್ನು ಚಂದ್ರಗಿರಿಗೆ ಕರೆದುಕೊಂಡು ಹೋಗಬೇಡಿ. ಸುಮ್ನೆ ಬೈಸಿಕೊಳ್ಳುತ್ತೀರಿ. ಅವರಿಗೆ ಬೇಕಲವೇ ಸರಿ, ಮಕ್ಕಳಿದ್ದರಂತೂ ಬೇಕಲವೇ. ಸಂಜೆ ಕೋಟೆಯ ಬಾಗಿಲು ಹಾಕುತ್ತಾರೆ, ಹಾಗಾಗಿ ಸೂರ್ಯ ಮುಳುಗುವುದನ್ನು ಪಕ್ಕದ ಬೀಚಿನಿಂದ ನೋಡುವುದು ಒಳ್ಳೆಯದು. ನೀವು ಊರಿನವರೇ ಆಗಿದ್ದು, ಒಂದು ರಜೆ ಖಾಲಿ ಇದ್ದರೆ ಬೆಳಿಗ್ಗೆ ಅನಂತಪುರ, ಸಂಜೆ ಚಂದ್ರಗಿರಿ. ಸೇತುವೆ ದಾಟಿ ಕಾಞಂಗಾಡಿಗೆ ಹೋಗುವ ಬಸ್ಸು ಹತ್ತಿ ಮೇಲ್ಪರಂಬದಲ್ಲಿ ಇಳಿದು ದಾರಿ ಕೇಳಿ. ನೀರಿನ ಬಾಟ್ಲಿ ಇರಲಿ. ಮಳೆಗಾಲದಲ್ಲಿ ಪಾಚಿ ಜಾರುತ್ತದೆ, ಗೋಡೆ ಹತ್ತಲು ಹೋಗಬೇಡಿ.